ಯಕ್ಷಿಯಾದ ಮರುದಿನ

ಹೆಣ್ಣೊಬ್ಬಳು ರಕ್ತ ಹೀರುವ ಯಕ್ಷಿಯಾದಳು ಎಂದು ಹೇಳುವವರು ಮರುದಿನ ಅವಳು ಏನು ಮಾಡಿದಳು ಎಂದು ಯಾಕೆ ಹೇಳುವುದಿಲ್ಲ? ತುಂಬಾ ದಿನದಿಂದ ನನ್ನನ್ನು ಕಾಡುವ ಪ್ರಶ್ನೆ ಇದು. ಹುಡುಗಿ ಸತ್ತಳು. ಅಷ್ಟರಲ್ಲಿ ಹಾಲೆ ಮರದ ಕೆಳಗೆ ಬಿಳಿ ಸೀರೆ ಉಟ್ಟು, ದಾರಿಹೋಕರ ಹತ್ತಿರ ಸುಣ್ಣ ಕೇಳುತ್ತಾ ನಿಂತಾಯಿತು. ನಡುವಿನ ದಿನಗಳು ಎಲ್ಲಿ ಹೋದವು? ಮೊದಲ ಸಲ ಆ ಹೊಸ ಹಸಿವು ಬಂದಾಗ ಅವಳಿಗೆ ಭಯವಾಗಲಿಲ್ವಾ? ಅಮ್ಮನ ನೆನಪಾಗಲಿಲ್ವಾ?

ಈಗ ರಕ್ತ ಹೀರುವ ಹುಡುಗಿಯರ ಕಥೆ ಬರೆಯುವವರು, ಸಿನಿಮಾ ಮಾಡುವವರು ಜಾಸ್ತಿಯಾಗಿದ್ದಾರೆ. ನನಗೆ ಸಂತೋಷವೇ. ಆದರೆ ಅಲ್ಲೂ ಕೋರೆಹಲ್ಲು ಮೂಡಿದ ಕೂಡಲೇ ಬೇಟೆ ಶುರುವಾಗುತ್ತದೆ. ನನ್ನ ಪ್ರಕಾರ ನಿಜವಾದ ಕಥೆ ಇರುವುದು ಅದಕ್ಕೂ ಮೊದಲು, ಅವಳು ಹೊಸ ದೇಹಕ್ಕೆ ಹೊಂದಿಕೊಳ್ಳುವ ದಿನಗಳಲ್ಲಿ.

ಮಲಯಾಳದ ಯಕ್ಷಿ ಕಥೆಗಳಲ್ಲಿ ಅಂಥ ದಿನಗಳ ಸುಳಿವು ನನಗೆ ಸಿಕ್ಕಿದ್ದು ಒಂದೇ ಕಡೆ, ಮಾಂತ್ರಿಕ ಪಾದ್ರಿ ಕಡಮಟ್ಟತ್ ಕತ್ತನಾರರ ಕಥೆಯಲ್ಲಿ. ಸುಣ್ಣ ಕೇಳಿದ ಯಕ್ಷಿಗೆ ಅವರು ಕಬ್ಬಿಣದ ಮೊಳೆಯ ತುದಿಯಲ್ಲಿ ಸುಣ್ಣ ಕೊಡುತ್ತಾರೆ. ಹಾಗೆ ಹಿಡಿತಕ್ಕೆ ಸಿಕ್ಕಿದವಳ ನೆತ್ತಿಗೆ ಮೊಳೆ ಹೊಡೆದು, ಅವಳನ್ನು ಕಾಯಂಕುಳದ ಒಂದು ಮನೆಗೆ ಕರೆದೊಯ್ಯುತ್ತಾರೆ. ನೆತ್ತಿಯಲ್ಲಿ ಮೊಳೆ ಇರುವವರೆಗೆ ಅವಳು ಸಾಧು ಹೆಂಗಸು. ಆ ಮನೆಯ ಮುದುಕಿ ಅವಳ ತಲೆ ಬಾಚಲು ಕೂರುತ್ತಾಳೆ. ಬೆರಳಿಗೆ ಮೊಳೆ ತಾಗುತ್ತದೆ. ಅಯ್ಯೋ ಪಾಪ ಎಂದು ಕಿತ್ತು ಬಿಡುತ್ತಾಳೆ. ಯಕ್ಷಿ ಮಾಯ! ಕಥೆ ಹೇಳುವವರು ಇದನ್ನು ಮುದುಕಿಯ ದಡ್ಡತನ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಡೀ ಕಥೆಯಲ್ಲಿ ಆ ಹೆಣ್ಣಿನ ತಲೆ ಮುಟ್ಟಿ, ಇವಳಿಗೆ ನೋಯುತ್ತಿರಬಹುದು ಎಂದು ಯೋಚಿಸಿದವಳು ಅವಳೊಬ್ಬಳೇ.

ನಮ್ಮ ಕಾಸರಗೋಡು ಜಿಲ್ಲೆಯ ತೆಂಕು ಭಾಗದಲ್ಲಿ, ಕೋಲದಂಥದ್ದೇ ಆದ ತೆಯ್ಯದಲ್ಲಿ ಬರುವ ಮುಚ್ಚಿಲೋಟ್ ಭಗವತಿಯ ಕಥೆಯೂ ಹೀಗೆಯೇ. ಚೆನ್ನಾಗಿ ಓದಿದ ಹುಡುಗಿ. ಎಲ್ಲಕ್ಕಿಂತ ದೊಡ್ಡ ನೋವು ಯಾವುದು ಎಂದು ವಾದದಲ್ಲಿ ಕೇಳಿದ್ದಕ್ಕೆ ಹೆರಿಗೆಯ ನೋವು ಎಂದು ಉತ್ತರ ಕೊಟ್ಟಳು. ಮದುವೆಯಾಗದ ಇವಳಿಗೆ ಹೆರಿಗೆಯ ನೋವು ಹೇಗೆ ಗೊತ್ತು ಎಂದು ಅನುಮಾನಪಟ್ಟು ಹೊರಗೆ ಹಾಕಿದರು. ಬೆಂಕಿಗೆ ಹಾರಿದಳು, ದೈವವಾದಳು. ಒಂದೋ ಹೆದರುತ್ತೇವೆ, ಇಲ್ಲವೇ ಕೈಮುಗಿಯುತ್ತೇವೆ. ಅವಳ ಜೊತೆ ಕೂತು ಮಾತಾಡುವ ಕಥೆ ಮಾತ್ರ ಇಲ್ಲ.

ಇನ್ನೊಂದು ಘಟನೆ ನಿಜವಾಗಿ ನಡೆದದ್ದು. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಎಂಬ ಊರಲ್ಲಿ ಮರ್ಸಿ ಬ್ರೌನ್ ಎಂಬ 19 ವರ್ಷದ ಹುಡುಗಿ 1892ರ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡಳು. ಅವಳ ತಾಯಿ, ಅಕ್ಕ ಮೊದಲೇ ಅದೇ ಕಾಯಿಲೆಯಿಂದ ಹೋಗಿದ್ದರು. ಅಣ್ಣ ಎಡ್ವಿನ್ ಕೂಡ ಕಾಯಿಲೆ ಮಲಗಿದಾಗ, ಸತ್ತವರಲ್ಲಿ ಯಾರೋ ಅವನ ಜೀವ ಹೀರುತ್ತಿದ್ದಾರೆ ಎಂದು ಊರವರು ನಂಬಿದರು. ಮಾರ್ಚ್‌ನಲ್ಲಿ ಹೆಣಗಳನ್ನು ಹೊರತೆಗೆದರು. ಚಳಿಗಾಲದಲ್ಲಿ ಸತ್ತ ಮರ್ಸಿಯ ದೇಹ ಕೊಳೆತಿರಲಿಲ್ಲ. ಅಷ್ಟೇ ಸಾಕಾಯಿತು. ಅವಳ ಹೃದಯ ಸುಟ್ಟು, ಬೂದಿಯನ್ನು ನೀರಲ್ಲಿ ಕದಡಿ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳೊಳಗೆ ಅವನೂ ಸತ್ತ. ಕ್ಷಯದ ರೋಗಾಣುವನ್ನು ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ತೋರಿಸಿಕೊಟ್ಟದ್ದು 1882ರಲ್ಲಿ, ಅಂದರೆ ಇದಕ್ಕಿಂತ ಹತ್ತು ವರ್ಷ ಮೊದಲು! ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ರಕ್ತ ಹೀರುವವಳು ಎಂಬ ಹೆಸರನ್ನು ಅವಳ ಮೇಲೆ ಹೊರಿಸಿದವರು ಅವಳನ್ನು ಚಿಕ್ಕಂದಿನಿಂದ ನೋಡಿದವರೇ.

ಹಾಗಾಗಿ ಯಕ್ಷಿಯಾದವಳ ಮೊದಲ ದಿನಗಳ ಕಥೆಯನ್ನು ನಮ್ಮ ಕಡೆಯವರು ಬರೆಯಬೇಕು ಎನ್ನುವುದು ನನ್ನ ಆಸೆ. ಬದಿಯಡ್ಕದ ಒಳಗೆಲ್ಲೋ ಅಡಿಕೆ ತೋಟದ ಮನೆ. ಇಪ್ಪತ್ತು ದಾಟಿದ ಹುಡುಗಿ. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಗಂಟಲಲ್ಲಿ ಇಳಿಯುವುದಿಲ್ಲ. ರಕ್ತವೇ ಬೇಕು. ಅಜ್ಜಿಗೆ ಮೊದಲು ಹೊಳೆಯುವುದು ಕುರ್ದಿ ನೀರು, ಅಲ್ವಾ? ಅರಶಿನಕ್ಕೆ ಸುಣ್ಣ ಕದಡಿದರೆ ಕೆಂಪಾಗುವ ನೀರು. ರಕ್ತದ ಬದಲಿಗೆ ದೈವಕ್ಕೆ ಅದನ್ನು ಕೊಟ್ಟು ಗೊತ್ತಿರುವವಳು ಮೊಮ್ಮಗಳಿಗೂ ಒಂದು ಲೋಟ ಕೊಟ್ಟು ನೋಡದೆ ಇರುತ್ತಾಳಾ? ಆಟಿ ಅಮಾವಾಸ್ಯೆಗೆ ಬೆಳಕು ಹರಿಯುವ ಮೊದಲೇ ಹಾಲೆ ಮರದ ಕೆತ್ತೆ ತರುತ್ತೇವೆ. ಕತ್ತಿ ತಾಗಿಸದೆ, ಕಲ್ಲಿನಲ್ಲಿ ಜಜ್ಜಿ ತೆಗೆದು ಕಷಾಯ ಮಾಡುತ್ತೇವೆ. ಯಕ್ಷಿ ಇರುವುದೂ ಅದೇ ಮರದಲ್ಲಿ, ಅವಳಿಗೂ ಕಬ್ಬಿಣ ಆಗುವುದಿಲ್ಲ. ಆ ವರ್ಷದ ಕಷಾಯವನ್ನು ಅವಳು ಕುಡಿಯುತ್ತಾಳಾ, ಅಮ್ಮ ಕೊಡುತ್ತಾಳಾ?

ಬಿಸಿಲಿಗೆ ರಕ್ತಪಿಶಾಚಿ ಸಾಯುತ್ತದೆ ಎನ್ನುವುದು 1922ರ ಒಂದು ಜರ್ಮನ್ ಮೂಕಿ ಚಿತ್ರದಿಂದ ಬೇರೂರಿದ ನಂಬಿಕೆ. ಅದನ್ನೇ ಇಟ್ಟುಕೊಂಡರೂ ನಮ್ಮೂರಲ್ಲಿ ಅವಳು ಒಂಟಿಯಲ್ಲ. ಕೋಲ, ತೆಯ್ಯ, ಬೆಳಗಿನವರೆಗಿನ ಯಕ್ಷಗಾನದ ಆಟ, ಹೆಚ್ಚಾಗಿ ರಾತ್ರಿಯದ್ದೇ. ಚೆಂಡೆಯ ಸದ್ದು ಕೇಳಿ ಅವಳು ಗದ್ದೆ ದಾಟಿ ಬರಬಹುದು. ಗುರುತಿನ ಗೆಳತಿ ಸಿಕ್ಕರೆ ಕೈ ಯಾಕೆ ಇಷ್ಟು ತಣ್ಣಗಿದೆ ಎಂದು ಕೇಳಬಹುದು. ಯುರೋಪಿನ ಕಥೆಗಳಲ್ಲಿ ಮನೆಯವರು ಕರೆಯದೆ ಅವಳು ಹೊಸ್ತಿಲು ದಾಟುವಂತಿಲ್ಲ. ಅವಳದೇ ಮನೆಯ ಜಗಲಿಯಲ್ಲಿ ನಿಂತು ಅಮ್ಮ "ಬಾ ಮಗಳೇ" ಎನ್ನುವುದನ್ನು ಕಾಯಬೇಕು! ಅದೊಂದರ ಬಗ್ಗೆಯೇ ಹತ್ತು ಪುಟ ಬರೆಯಬಹುದು.

ಕೇರಳದ ಪಾಲಕ್ಕಾಡ್ ಹತ್ತಿರದ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ ಯಕ್ಷಿಯ ದೊಡ್ಡ ಶಿಲ್ಪವಿದೆ. 1969ರಲ್ಲಿ ಮಾಡಿದವರು ನಮ್ಮ ಜಿಲ್ಲೆಯವರೇ ಆದ ಕಾನಾಯಿ ಕುಂಞಿರಾಮನ್. ಆ ಯಕ್ಷಿ ಯಾರ ಮೇಲೂ ಎರಗುತ್ತಿಲ್ಲ. ಕಾಲು ಚಾಚಿ ಕೂತು, ಕೂದಲಲ್ಲಿ ಕೈಯಿಟ್ಟು, ತನ್ನ ಪಾಡಿಗೆ ತಾನಿದ್ದಾಳೆ. ಕಾಂಕ್ರೀಟಿನಲ್ಲಿ ಆದದ್ದು ಕನ್ನಡದ ಕಥೆಯಲ್ಲೂ ಆಗಲಿ.

ಬರೆಯುವ ಹುಡುಗಿಯರು ಇದನ್ನು ಓದುತ್ತಿದ್ದರೆ, ದಯವಿಟ್ಟು ಅವಳ ಮೊದಲ ವಾರದಿಂದ ಶುರು ಮಾಡಿ. ಬೇಟೆ ಆಮೇಲೆ ಬರಲಿ, ಬಾರದಿದ್ದರೂ ಪರವಾಗಿಲ್ಲ. ಅಜ್ಜಿ ಮಾತ್ರ ಇರಲೇಬೇಕು.