ಬೇಸ್‌ಮೆಂಟಿನಲ್ಲಿ ಕೂತ ಅನಿವಾಸಿ

ತೆರಿಗೆಯ ಲೆಕ್ಕ ಒಪ್ಪಿಸುವ ಕಡೆಯ ದಿನವಾದ ಏಪ್ರಿಲ್ 15 ಹತ್ತಿರ ಬಂತೆಂದರೆ ನ್ಯೂಜೆರ್ಸಿಯ ಕನ್ನಡಿಗರ ಮನೆಗಳಲ್ಲಿ ಯುಗಾದಿಯ ಬೇವುಬೆಲ್ಲದ ಬಟ್ಟಲಿನ ಪಕ್ಕದಲ್ಲಿಯೇ ತೆರಿಗೆಯ ಕಾಗದಗಳೂ ಹರಡಿಕೊಳ್ಳುತ್ತವೆ. ಬೆಲ್ಲವನ್ನು ಹಬ್ಬದ ದಿನವೇ ತಿಂದು ಮುಗಿಸಿರುತ್ತೇವೆ. ಬೇವು ಮಾತ್ರ ತಿಂಗಳ ಮಧ್ಯದವರೆಗೆ ಸಾಲುತ್ತದೆ. ಈ ವರ್ಷವೂ ನಾನು ಎಡಿಸನ್ನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಒಂದು ಕಡೆ ವಾಟರ್ ಹೀಟರು, ಇನ್ನೊಂದು ಕಡೆ ಇಪ್ಪತ್ತು ಪೌಂಡಿನ ಸೋನಾ ಮಸೂರಿಯ ಚೀಲ ಇರುವ ಮೂಲೆಯಲ್ಲಿ ಕುಳಿತು, ಐಟಿ-203 ಎಂಬ ನಮೂನೆಯನ್ನು ತುಂಬಲು ತೊಡಗಿದೆ. ಅದು ನ್ಯೂಯಾರ್ಕ್ ರಾಜ್ಯದ ಅನಿವಾಸಿಗಳಿಗೆಂದೇ ಇರುವ ನಮೂನೆ. ಭಾರತದ ಬ್ಯಾಂಕು ನನ್ನನ್ನು ಅನಿವಾಸಿ ಎನ್ನುತ್ತದೆ. ನ್ಯೂಯಾರ್ಕೂ ಅನಿವಾಸಿ ಎಂದೇ ಕರೆಯುತ್ತದೆ. ವ್ಯತ್ಯಾಸವಿಷ್ಟೇ: ಭಾರತವು ಅನಿವಾಸಿ ಎಂದ ಮೇಲೆ ನಾನು ಇಲ್ಲಿ ದುಡಿಯುವ ಸಂಬಳದ ತಂಟೆಗೆ ಬರುವುದಿಲ್ಲ. ನ್ಯೂಯಾರ್ಕ್ ಮಾತ್ರ, ನೀನು ನಮ್ಮವನಲ್ಲ ಎಂದು ನನ್ನ ಕೈಯಲ್ಲೇ ಬರೆಸಿಕೊಂಡು, ಪುಟ ತಿರುವಿದ ಮೇಲೆ ನಿನ್ನ ದುಡಿಮೆಯೆಲ್ಲ ನಮ್ಮದು ಎನ್ನುತ್ತದೆ.

ಓದುಗರಿಗೆ ಈ ಕಥೆ ಹೊಸದಲ್ಲ. ಎರಡು ರಾಜ್ಯಗಳ ನಡುವಿನ ಹಡ್ಸನ್ ನದಿಯ ಆಚೆಗೆ ನ್ಯೂಯಾರ್ಕಿನಲ್ಲಿ ಕಚೇರಿ, ಈಚೆಗೆ ನ್ಯೂಜೆರ್ಸಿಯಲ್ಲಿ ಮನೆ ಇರುವವರೆಲ್ಲರೂ ಇದನ್ನು ಬಲ್ಲರು. ವಾರದಲ್ಲಿ ಎರಡು ದಿನ ರೈಲು ಹತ್ತಿ ಮ್ಯಾನ್‌ಹ್ಯಾಟನ್ನಿಗೆ ಹೋಗಿ ದುಡಿದ ಹಣಕ್ಕೆ ನ್ಯೂಯಾರ್ಕ್ ತೆರಿಗೆ ಕೇಳಿದರೆ ನನ್ನದೇನೂ ತಕರಾರಿಲ್ಲ. ಅವರ ಫುಟ್‌ಪಾತಿನ ಮೇಲೆ ನಡೆದಿದ್ದೇನೆ, ಅವರ ಪೊಲೀಸರ ಕಾವಲಿನಲ್ಲಿ ಓಡಾಡಿದ್ದೇನೆ. ಉಳಿದ ಮೂರು ದಿನ ಮನೆಯಲ್ಲಿ ಕುಳಿತು ಮಾಡಿದ ಕೆಲಸವನ್ನೂ ಆ ರಾಜ್ಯ ತನ್ನ ನೆಲದ ಮೇಲೆ ಮಾಡಿದ್ದೆಂದೇ ಲೆಕ್ಕ ಹಾಕುತ್ತದೆ. ಮನೆಯಿಂದ ದುಡಿಸುವುದು ಕಂಪನಿಗೆ ಅನಿವಾರ್ಯವಾಗಿದ್ದರೆ ವಿನಾಯಿತಿ ಉಂಟು. ನೌಕರನ ಅನುಕೂಲಕ್ಕಾಗಿದ್ದರೆ ಇಲ್ಲ. ಕನ್ವೀನಿಯನ್ಸ್ ರೂಲ್ ಎಂದು ಇದರ ಹೆಸರು, ಮತ್ತು ಆ ಹೆಸರು ನನಗೆ ಬಹಳ ಹಿಡಿಸಿದೆ. ಅನುಕೂಲ ಎಂಬುದು ನಮ್ಮ ಕಡೆ ಹೆಣ್ಣು ಕೊಡುವಾಗ ವಿಚಾರಿಸುತ್ತಿದ್ದ ವಿಷಯವಾಗಿತ್ತು. ಹುಡುಗನ ಮನೆಯವರು ಅನುಕೂಲಸ್ಥರು ಎಂದರೆ ಮಾತುಕತೆ ಅರ್ಧ ಮುಗಿದಂತೆಯೇ. ಈಗ ವಾಟರ್ ಹೀಟರಿನ ಪಕ್ಕದಲ್ಲಿ, ಕಾಲಿಗೆ ಎರಡು ಜೊತೆ ಸಾಕ್ಸು ಏರಿಸಿಕೊಂಡು ಕುಳಿತವನೂ ಅನುಕೂಲಸ್ಥನೇ.

ಈ ನಿಯಮವು ತನ್ನ ಪೂರ್ಣ ವೈಭವವನ್ನು ತೋರಿಸಿದ್ದು 2020ರಲ್ಲಿ. ಆ ವರ್ಷ ಮಾರ್ಚ್ ತಿಂಗಳಿನಲ್ಲಿ ನ್ಯೂಯಾರ್ಕ್ ರಾಜ್ಯವೇ ಆದೇಶ ಹೊರಡಿಸಿ, ಅಗತ್ಯ ಸೇವೆಗಳಲ್ಲದ ಕಚೇರಿಗಳನ್ನೆಲ್ಲ ಮುಚ್ಚಿಸಿ, ನೌಕರರನ್ನು ಮನೆಗೆ ಕಳುಹಿಸಿತು. ಬರಬೇಡಿ ಎಂದಿತು, ನಾವು ಹೋಗಲಿಲ್ಲ. ಆಮೇಲೆ ಅದೇ ರಾಜ್ಯದ ತೆರಿಗೆ ಇಲಾಖೆಯು, ನಿಮ್ಮ ಮುಖ್ಯ ಕಚೇರಿ ನ್ಯೂಯಾರ್ಕಿನಲ್ಲಿದ್ದರೆ ಸಾಂಕ್ರಾಮಿಕದ ಕಾಲದಲ್ಲಿ ಮನೆಯಿಂದ ದುಡಿದ ದಿನಗಳನ್ನೂ ನ್ಯೂಯಾರ್ಕಿನಲ್ಲಿ ದುಡಿದ ದಿನಗಳೆಂದೇ ಎಣಿಸಲಾಗುವುದು ಎಂದು ತಿಳಿಸಿತು. ಬಾಗಿಲು ಹಾಕಿ ಬೀಗ ಜಡಿದವನೇ ಆಚೆ ನಿಂತವನಿಗೆ, ನಿನ್ನ ಅನುಕೂಲಕ್ಕೆ ನೀನು ಒಳಗೆ ಬರಲಿಲ್ಲವಲ್ಲ, ಬಾಡಿಗೆ ಕೊಡು ಎಂದು ಕೇಳುವುದು ಸಾಮಾನ್ಯ ಪ್ರತಿಭೆಗೆ ಹೊಳೆಯುವ ಮಾತಲ್ಲ.

ಹಾಗೆಂದು ಆ ರಾಜ್ಯ ಕರುಣೆಯಿಲ್ಲದ್ದೆಂದು ಯಾರೂ ತಿಳಿಯಬಾರದು. ನಿಮ್ಮ ಮನೆಯ ಕೋಣೆಯು ನಿಮ್ಮ ಕಂಪನಿಯ ನಿಜವಾದ ಕಚೇರಿ ಎಂದು ಸಾಬೀತು ಮಾಡಿದರೆ ಬಿಡುಗಡೆ ಸಿಗುತ್ತದೆ. ಹೇಗೆ ಸಾಬೀತು ಮಾಡಬೇಕೆಂಬುದನ್ನು 2006ರ ಒಂದು ಸುತ್ತೋಲೆಯಲ್ಲಿ ಬಹಳ ಶ್ರದ್ಧೆಯಿಂದ ವಿವರಿಸಲಾಗಿದೆ. ಎಲ್ಲಕ್ಕಿಂತ ಮುಖ್ಯವಾದ ಲಕ್ಷಣವೆಂದರೆ, ನಿಮ್ಮ ಕೆಲಸಕ್ಕೆ ಬೇಕಾದ ವಿಶೇಷ ಸೌಕರ್ಯವು ನಿಮ್ಮ ಮನೆಯಲ್ಲಿಯೋ ಮನೆಯ ಹತ್ತಿರವೋ ಇರಬೇಕು. ಕಾರುಗಳನ್ನು ಓಡಿಸಿ ಪರೀಕ್ಷಿಸುವ ಟ್ರ್ಯಾಕಿನಂಥದ್ದು. ನಮ್ಮ ಮನೆಯ ಹತ್ತಿರ ಇರುವುದು ಒಂದು ಪಟೇಲರ ಅಂಗಡಿ, ಎರಡು ದೋಸೆಯ ಹೋಟೆಲು. ಡೇಟಾಬೇಸು ನೋಡಿಕೊಳ್ಳುವವನಿಗೆ ಬೆಂಡೆಕಾಯಿ ಅತ್ಯಗತ್ಯ ಸೌಕರ್ಯವೆಂದು ವಾದಿಸುವ ವಕೀಲ ನನಗಿನ್ನೂ ಸಿಕ್ಕಿಲ್ಲ. ಟ್ರ್ಯಾಕು ಇಲ್ಲದ ಬಡಪಾಯಿಗಳಿಗೆ ಬೇರೆ ಲಕ್ಷಣಗಳ ಪಟ್ಟಿಯಿದೆ. ಕಂಪನಿಯ ಗಿರಾಕಿಗಳನ್ನು ನೀವು ಮನೆಯಲ್ಲಿ ಭೇಟಿ ಮಾಡಬೇಕು; ಕಂಪನಿಯೇ ಹಾಕಿಸಿಕೊಟ್ಟ ಪ್ರತ್ಯೇಕ ಟೆಲಿಫೋನ್ ಲೈನ್ ಇರಬೇಕು; ಮನೆಯ ವಿಳಾಸ ಕಂಪನಿಯ ಕಾಗದದ ಮೇಲೆ ಅಚ್ಚಾಗಿರಬೇಕು; ಇದು ಇಂಥ ಕಂಪನಿಯ ಕಚೇರಿ ಎಂದು ಮನೆಯ ಮುಂದೆ ಬೋರ್ಡು ಇರಬೇಕು.

ಬೋರ್ಡಿನ ವಿಷಯ ಊಟದ ಹೊತ್ತಿನಲ್ಲಿ ಮನೆಯಾಕೆಯ ಕಿವಿಗೆ ಬಿತ್ತು. “ರೀ, ಹಬ್ಬದ ದಿನ ಬಾಗಿಲಿಗೆ ರಂಗೋಲಿ ಹಾಕಿದರೇ ಪಕ್ಕದ ಮನೆಯವರು ಚಾಕ್‌ಪೀಸಲ್ಲಿ ಯಾವ ಮಗು ಗೀಚಿತು ಅಂತ ಕೇಳುತ್ತಾರೆ. ನೀವು ಬೋರ್ಡು ಹಾಕಿದರೆ ಟೌನ್‌ಶಿಪ್ಪಿನವರು ಸುಮ್ಮನಿರುತ್ತಾರಾ?” ಎಂದಳು. ಇರುವುದಿಲ್ಲ. ನ್ಯೂಯಾರ್ಕಿನ ತೆರಿಗೆಯಿಂದ ತಪ್ಪಿಸಿಕೊಳ್ಳಲು ನೆಟ್ಟ ಬೋರ್ಡಿಗೆ ನ್ಯೂಜೆರ್ಸಿಯ ದಂಡ ಬೀಳುತ್ತದೆ.

ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವರೂ ಇದ್ದಾರೆ. ಎಡ್ವರ್ಡ್ ಝೆಲಿನ್‌ಸ್ಕಿ ಎಂಬ ಪ್ರಾಧ್ಯಾಪಕರು ನ್ಯೂಯಾರ್ಕಿನ ಕಾರ್ಡೋಝೊ ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತಾ, ಕನೆಕ್ಟಿಕಟ್ಟಿನ ತಮ್ಮ ಮನೆಯಲ್ಲಿ ಓದುವ ಬರೆಯುವ ಕೆಲಸ ಮಾಡುತ್ತಿದ್ದರು. ಅವರು ಪಾಠ ಹೇಳುತ್ತಿದ್ದುದು ಬೇರೇನನ್ನೂ ಅಲ್ಲ, ತೆರಿಗೆಯ ಕಾನೂನನ್ನೇ. 2003ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದಲ್ಲಿ ಅವರು ಸೋತರು. ಸಾಂಕ್ರಾಮಿಕದ ಕಾಲದಲ್ಲಿ ಕಾಲೇಜು ಕಟ್ಟಡವೇ ಮುಚ್ಚಿತ್ತಲ್ಲ, ಈಗಲಾದರೂ ಒಪ್ಪುತ್ತಾರೇನೋ ಎಂದು ಮತ್ತೆ ಹೋದರು; 2023ರಲ್ಲಿ ತೆರಿಗೆ ಮೇಲ್ಮನವಿಯ ನ್ಯಾಯಾಧೀಶರು ಅದನ್ನೂ ತಳ್ಳಿಹಾಕಿದರು. ಈ ಎರಡು ಸೋಲುಗಳ ನಡುವೆ 2005ರಲ್ಲಿ, ಟೆನೆಸ್ಸಿಯಲ್ಲಿ ಕುಳಿತು ನ್ಯೂಯಾರ್ಕಿನ ಸಂಸ್ಥೆಗೆ ಪ್ರೋಗ್ರಾಂ ಬರೆಯುತ್ತಿದ್ದ ಥಾಮಸ್ ಹಕಬಿ ಎಂಬುವರ ಮೊಕದ್ದಮೆ ಬಂತು. ಅವರು ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ್ದು ಕಾಲು ಭಾಗ ದಿನಗಳು ಮಾತ್ರ, ತೆರಿಗೆ ಬಿದ್ದದ್ದು ಇಡೀ ಸಂಬಳದ ಮೇಲೆ. ಏಳು ನ್ಯಾಯಾಧೀಶರಲ್ಲಿ ನಾಲ್ವರಿಗೆ ಅದು ಸರಿ ಎನಿಸಿತು. ತೆರಿಗೆ ಪಾಠ ಮಾಡುವ ಮೇಷ್ಟರಿಗೇ ಈ ಗತಿಯಾದರೆ ನಾವು ಬಾಯಿ ತೆರೆಯುವುದುಂಟೆ?

ಮನುಷ್ಯನೊಬ್ಬ ಎಲ್ಲಿ ಕುಳಿತಿದ್ದಾನೆ ಎಂಬ ಪ್ರಶ್ನೆಗೆ ಇದಕ್ಕಿಂತ ಸರಳವಾದ ಉತ್ತರವನ್ನು ನಾನು ಕೇಳಿದ್ದು ಪುರೋಹಿತರೊಬ್ಬರ ಬಾಯಲ್ಲಿ. 2020ರ ಶ್ರಾವಣದಲ್ಲಿ ಮೈಸೂರಿನಿಂದ ವಿಡಿಯೊ ಮೂಲಕ ಅವರು ನಮ್ಮ ಮನೆಯ ಸತ್ಯನಾರಾಯಣ ಪೂಜೆ ಮಾಡಿಸಿದರು. ಸಂಕಲ್ಪದಲ್ಲಿ ರೂಢಿಯಂತೆ ಜಂಬೂದ್ವೀಪೇ ಎಂದು ಹೊರಟವರು ಥಟ್ಟನೆ ನಿಂತು, “ಅಲ್ಲ, ಪೂಜೆಗೆ ಕೂತಿರುವ ಯಜಮಾನರು ನೀವು. ನೀವು ಎಲ್ಲಿ ಕೂತಿದ್ದೀರೋ ಅಲ್ಲಿಯದನ್ನೇ ಹೇಳಬೇಕು” ಎಂದು ಕ್ರೌಂಚದ್ವೀಪಕ್ಕೆ ಬದಲಾಯಿಸಿಕೊಂಡರು. ಆಮೇಲೆ ಹತ್ತಿರ ಯಾವ ನದಿ, ಅದರ ಯಾವ ದಡ ಎಂದು ಕೇಳಿದರು. ರಾರಿಟನ್, ಉತ್ತರ ದಡ ಎಂದೆ. ರಾರಿಟನ್ ನದ್ಯಾಃ ಉತ್ತರೇ ತೀರೇ ಎಂದು ಅವರು ತಡವರಿಸದೆ ಹೇಳಿಬಿಟ್ಟರು. ಮಂತ್ರ ಮೈಸೂರಿನಿಂದ ಬಂತು, ದಕ್ಷಿಣೆ ಮೈಸೂರಿಗೆ ಹೋಯಿತು. ಆದರೂ ಪೂಜೆ ನಡೆದದ್ದು ಎಡಿಸನ್ನಿನಲ್ಲಿ ಎಂಬ ಬಗ್ಗೆ ಅವರಿಗಾಗಲಿ ಸತ್ಯನಾರಾಯಣನಿಗಾಗಲಿ ಸಂಶಯ ಬರಲಿಲ್ಲ. ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯ ಅಧಿಕಾರಿಗಳಿಗೆ ಸಂಕಲ್ಪ ಹೇಳಿಕೊಡಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನು ನ್ಯೂಯಾರ್ಕಿನಲ್ಲಿ ಒಂದು ಖಾಯಂ ಮನೆಯೂ ಇರುವ ಸ್ಥಿತಿವಂತರ ಪಾಡು ಬೇರೆ. ಅವರು ವರ್ಷಕ್ಕೆ 183ಕ್ಕಿಂತ ಹೆಚ್ಚು ದಿನ ಆ ರಾಜ್ಯದಲ್ಲಿದ್ದರೆ ನಿವಾಸಿಗಳೇ ಆಗಿಬಿಡುತ್ತಾರೆ. ದಿನದ ಯಾವ ತುಣುಕಾದರೂ ಪೂರ್ತಿ ದಿನವೇ. ವಿಮಾನ ಹತ್ತಲು ಹಾದುಹೋದದ್ದು ಲೆಕ್ಕಕ್ಕಿಲ್ಲ, ಆಸ್ಪತ್ರೆಗೆ ಸೇರಿ ಮಲಗಿದ್ದೂ ಲೆಕ್ಕಕ್ಕಿಲ್ಲ. ಟೋಲಿನ ದಾಖಲೆ, ಮೊಬೈಲಿನ ದಾಖಲೆ, ಕ್ರೆಡಿಟ್ ಕಾರ್ಡಿನ ಚೀಟಿ ಎಲ್ಲವನ್ನೂ ಲೆಕ್ಕಪರಿಶೋಧಕರು ಜಾಲಾಡುತ್ತಾರೆ. ಊರು ಬಿಟ್ಟು ಹೋದೆ ಎನ್ನುವವನ ಮನಸ್ಸು ಕೂಡ ಊರು ಬಿಟ್ಟಿದೆಯೇ ಎಂದು ನೋಡಲು ಅವನಿಗೆ ಪ್ರೀತಿಯ ವಸ್ತುಗಳು ಎಲ್ಲಿವೆ ಎಂದು ವಿಚಾರಿಸುತ್ತಾರೆ. ಡಾಲಸ್ಸಿಗೆ ಹೋದ ಕಂಪನಿ ಮುಖ್ಯಸ್ಥರೊಬ್ಬರ ಮೊಕದ್ದಮೆಯಲ್ಲಿ 2017ರಲ್ಲಿ ಅವರ ಕೈ ಹಿಡಿದ ಸಾಕ್ಷ್ಯಗಳಲ್ಲಿ ಮುಖ್ಯವಾದದ್ದು ಅವರ ನಾಯಿ. ನಾಯಿಯನ್ನು ಡಾಲಸ್ಸಿಗೆ ಕರೆದೊಯ್ದರೆಂದರೆ ಅವರು ನಿಜವಾಗಿಯೂ ಅಲ್ಲಿ ನೆಲೆಸಿದ್ದಾರೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಯಿತು. ನಾನು ನಾಯಿಯಾಗಿದ್ದರೆ ನನ್ನ ದೇಹ ಇರುವ ಜಾಗದಲ್ಲಿಯೇ ನಾನಿದ್ದೇನೆ ಎಂಬುದನ್ನು ಈ ರಾಜ್ಯ ಒಪ್ಪುತ್ತಿತ್ತು.

2021ರ ಸೆಪ್ಟೆಂಬರ್ 1ರ ರಾತ್ರಿ, ಐಡಾ ಚಂಡಮಾರುತದ ಮಳೆ ಸುರಿದಾಗ, ಇದೇ ಬೇಸ್‌ಮೆಂಟಿಗೆ ಮೊಣಕಾಲುದ್ದ ನೀರು ನುಗ್ಗಿತು. ಅಕ್ಕಿಯ ಚೀಲ ತೇಲಲಿಲ್ಲ, ಊದಿಕೊಂಡಿತು. ಕರೆಂಟು ತೆಗೆಯಲು, ನೀರು ಎತ್ತಲು ಬಂದವರು ನಮ್ಮ ಊರಿನವರು. ಆ ರಾತ್ರಿ ನನ್ನ ಮೇಜು ಕುರ್ಚಿ ನ್ಯೂಯಾರ್ಕಿನಲ್ಲಿ ಮುಳುಗುತ್ತಿವೆ ಎಂದು ಯಾರೂ ಹೇಳಲಿಲ್ಲ. ಇಲ್ಲಿಗೆ ನನಗೆ ನಗು ಬರುವುದಿಲ್ಲ. ನ್ಯೂಜೆರ್ಸಿಯ ಆದಾಯ ತೆರಿಗೆಯನ್ನು ಆಸ್ತಿ ತೆರಿಗೆಯ ಹೊರೆ ಇಳಿಸುವುದಕ್ಕೇ ಬಳಸಬೇಕೆಂದು ಈ ರಾಜ್ಯದ ಸಂವಿಧಾನವೇ ಹೇಳುತ್ತದೆ. ನಾವು ನ್ಯೂಯಾರ್ಕಿಗೆ ಕೊಟ್ಟ ತೆರಿಗೆಯನ್ನು ನ್ಯೂಜೆರ್ಸಿ ತನ್ನ ಲೆಕ್ಕದಲ್ಲಿ ಕಳೆದುಕೊಡುತ್ತದೆ, ಅದೂ ತನ್ನ ದರದ ಮಿತಿಯೊಳಗೆ. ಮೇಲಿನದು ನಮ್ಮ ಕೈಯಿಂದಲೇ ಹೋಗುತ್ತದೆ. ಅಂದರೆ ನನ್ನ ಮಗಳು ಓದುವ ಶಾಲೆಯ ಊರಿಗೆ, ನನ್ನ ಮನೆಯ ಮುಂದಿನ ಹಿಮ ಬಾಚುವ ಊರಿಗೆ ಸಲ್ಲಬೇಕಾದ ಹಣವನ್ನು, ನಾನು ಓಟು ಹಾಕಲಾಗದ, ನನ್ನನ್ನು ನಿವಾಸಿಯಲ್ಲ ಎಂದು ಬರೆಸಿಕೊಂಡ ರಾಜ್ಯ ಒಯ್ಯುತ್ತದೆ, ಮತ್ತು ಇದರ ಬಗ್ಗೆ ದೂರುವುದಕ್ಕೆ ನನಗೆ ಅಲ್ಲಿ ಒಬ್ಬ ಶಾಸಕನೂ ಇಲ್ಲ.

ನ್ಯೂಜೆರ್ಸಿ ಸುಮ್ಮನೆ ಕುಳಿತಿದೆ ಎಂದಲ್ಲ. ಇವೆರಡು ರಾಜ್ಯಗಳು ಎಲ್ಲಿಸ್ ದ್ವೀಪದ ಇಪ್ಪತ್ತೇಳು ಎಕರೆಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1998ರಲ್ಲಿ ಮಣ್ಣು ತುಂಬಿ ಬೆಳೆಸಿದ ಭಾಗ ನ್ಯೂಜೆರ್ಸಿಗೆ, ಮೂಲ ದ್ವೀಪದ ಮೂರು ಎಕರೆ ನ್ಯೂಯಾರ್ಕಿಗೆ ಎಂದು ಪಾಲು ಮಾಡಿಸಿಕೊಂಡು ಬಂದ ದಾಯಾದಿಗಳು. ತೆರಿಗೆಯ ವಿಷಯದಲ್ಲಿ 2023ರಲ್ಲಿ ನ್ಯೂಜೆರ್ಸಿ ಒಂದು ಕಾನೂನು ತಂದಿತು. ಅದರಂತೆ ನ್ಯೂಯಾರ್ಕಿನ ಮನೆಯಲ್ಲಿ ಕುಳಿತು ನ್ಯೂಜೆರ್ಸಿಯ ಕಂಪನಿಗೆ ದುಡಿಯುವವನ ಮೇಲೆ ನಾವೂ ಅದೇ ತೆರಿಗೆ ಹಾಕುತ್ತೇವೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಇಲ್ಲಿ ಕೊತ್ತಿ ನ್ಯೂಯಾರ್ಕಿನ ಕ್ವೀನ್ಸಿನಲ್ಲಿರುವ ಇನ್ನೊಬ್ಬ ಬೇಸ್‌ಮೆಂಟುವಾಸಿ. ಜೊತೆಗೆ, ನೀವೇ ಹೋಗಿ ನ್ಯೂಯಾರ್ಕಿನ ವಿರುದ್ಧ ಹೋರಾಡಿ ಗೆದ್ದು ಹಣ ವಾಪಸು ತಂದರೆ, ಅದರಿಂದ ನಮಗೆ ಬರಬೇಕಾಗುವ ತೆರಿಗೆಯಲ್ಲಿ ಅರ್ಧ ಬಿಟ್ಟುಕೊಡುತ್ತೇವೆ ಎಂದೂ ಆ ಕಾನೂನು ಆಸೆ ತೋರಿಸಿದೆ. ಹುಲಿಯ ಹಲ್ಲು ಕಿತ್ತು ತಾ, ಅರ್ಧ ನಿನಗೇ ಎಂದಂತೆ. ಸಾಂಕ್ರಾಮಿಕದ ಕಾಲದಲ್ಲಿ ಮ್ಯಾಸಚೂಸೆಟ್ಸ್ ಕೂಡ ನೆರೆರಾಜ್ಯದ ಮನೆಗಳಲ್ಲಿ ಕುಳಿತು ದುಡಿದವರ ಮೇಲೆ ನ್ಯೂಯಾರ್ಕಿನಂತೆಯೇ ತೆರಿಗೆ ಹಾಕಿದಾಗ ನ್ಯೂಹ್ಯಾಂಪ್‌ಶೈರ್ ರಾಜ್ಯವೇ ಸುಪ್ರೀಂ ಕೋರ್ಟಿಗೆ ಹೋಗಿತ್ತು, 2021ರ ಜೂನ್‌ನಲ್ಲಿ ಕೋರ್ಟು ಅದನ್ನು ಕೇಳಲೇ ಒಪ್ಪಲಿಲ್ಲ. ಇತ್ತ ಪೆನ್ಸಿಲ್ವೇನಿಯದ ಜೊತೆಗೆ ಮಾತ್ರ ನ್ಯೂಜೆರ್ಸಿಗೆ 1970ರ ದಶಕದಿಂದಲೂ ಒಪ್ಪಂದವಿದೆ: ಯಾರು ಎಲ್ಲಿ ವಾಸವಾಗಿದ್ದಾರೋ ಅಲ್ಲಿಗೇ ಸಂಬಳದ ತೆರಿಗೆ. ಆಗದ ಕೆಲಸವೇನಲ್ಲ, ಡೆಲವೇರ್ ನದಿಗೆ ಸಾಧ್ಯವಾದದ್ದು ಹಡ್ಸನ್ ನದಿಗೆ ಬೇಡವಾಗಿದೆ, ಅಷ್ಟೆ.

ಹೊಸೂರಿನಲ್ಲಿ ಮನೆ ಮಾಡಿಕೊಂಡು ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ನಮ್ಮ ಭಾವನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಅವರ ಆದಾಯ ತೆರಿಗೆ ದಿಲ್ಲಿಗೆ ಹೋಗುತ್ತದೆ. ಕರ್ನಾಟಕ ಹಿಡಿದುಕೊಳ್ಳುವುದು ತಿಂಗಳಿಗೆ ಇನ್ನೂರು, ಫೆಬ್ರವರಿಯಲ್ಲಿ ಮಾತ್ರ ಮುನ್ನೂರು ರೂಪಾಯಿಯ ವೃತ್ತಿ ತೆರಿಗೆ, ಅದೂ ವರ್ಷಕ್ಕೆ 2,500 ರೂಪಾಯಿ ಮೀರದಂತೆ ಸಂವಿಧಾನವೇ ಕಡಿವಾಣ ಹಾಕಿದೆ. ಅವರ ದೂರೆಲ್ಲ ಅತ್ತಿಬೆಲೆಯ ಟ್ರಾಫಿಕ್ಕಿನ ಬಗ್ಗೆ. ಎಲ್ಲ ಕೇಳಿಸಿಕೊಂಡು, “ಅಲ್ಲಯ್ಯಾ, ಮನೇಲಿ ಕೂತು ಕೆಲಸ ಮಾಡಿದರೆ ನ್ಯೂಯಾರ್ಕಿಗೆ ಕೊಡಬೇಕು. ರಜ ಹಾಕಿ ನ್ಯೂಯಾರ್ಕಿಗೇ ಹೋಗಿ ಸುಮ್ಮನೆ ತಿರುಗಾಡಿದರೆ?” ಎಂದು ಕೇಳಿದರು. ಆ ದಿನಗಳಿಗೆ ಏನೂ ಇಲ್ಲ ಭಾವ ಎಂದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಫೋನಿಟ್ಟು ನಮೂನೆಗೆ ಮರಳಿದೆ. ಅದರ ಜೊತೆಗೆ ಲಗತ್ತಿಸುವ ಹಾಳೆಯಲ್ಲಿ ದಿನಗಳ ಲೆಕ್ಕಕ್ಕೆಂದೇ ಒಂದು ಕೋಷ್ಟಕವಿದೆ. ಶನಿವಾರ, ಭಾನುವಾರ, ಹಬ್ಬ, ರಜ, ಜ್ವರ ಎಲ್ಲ ಕಳೆದರೆ ನಾನು ದುಡಿದದ್ದು 236 ದಿನ. ಅದರಲ್ಲಿ ನ್ಯೂಯಾರ್ಕ್ ರಾಜ್ಯದ ಹೊರಗೆ ದುಡಿದ ದಿನಗಳೆಷ್ಟು ಎಂದು ಒಂದು ಸಾಲು ಕೇಳುತ್ತದೆ. 142 ಎಂದು ಬರೆದೆ. ಅದರ ಕೆಳಗಿನ ಸಾಲು, ಮೇಲೆ ಬರೆದುದರಲ್ಲಿ ಮನೆಯಲ್ಲಿ ದುಡಿದ ದಿನಗಳೆಷ್ಟು ಎಂದು ಕೇಳುತ್ತದೆ. ಅಲ್ಲಿಯೂ 142 ಎಂದು ಬರೆದೆ. ಎರಡನೆಯದನ್ನು ಮೊದಲನೆಯದರಿಂದ ಕಳೆಯಿರಿ ಎಂದಿತ್ತು. ಕಳೆದು, ಸೊನ್ನೆ ಬರೆದೆ. ಆಚೆ ಮಳೆ ಶುರುವಾಗಿತ್ತು. ಮೂಲೆಯಲ್ಲಿ ಪಂಪು ಗರಗರ ಎಂದಿತು. ಎದ್ದು ಅಕ್ಕಿಯ ಚೀಲವನ್ನು ಮೇಜಿನ ಮೇಲೆ ಎತ್ತಿಟ್ಟೆ.