ಬೋಟಿನ ತೂಕವೊಂದೇ ನೋಡಿದರೆ ಸಾಲದು

ಅಮೆರಿಕದ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಓಡಾಡುತ್ತಿದೆ: 'ಬೋಟಿನ ತೂಕ ಕಾರಿನ ಟೋಯಿಂಗ್ ಮಿತಿಗಿಂತ (ಕಾರು ಎಳೆಯಬಲ್ಲ ಗರಿಷ್ಠ ತೂಕ) ಕಡಿಮೆ ಇದ್ದರೆ ಸಾಕು, ಧೈರ್ಯವಾಗಿ ಎಳೆಯಿರಿ.' ಇದು ಅರ್ಧ ಸತ್ಯ.

ಬ್ರೋಷರ್‌ನಲ್ಲಿ ಇರುವುದು ಸಾಮಾನ್ಯವಾಗಿ ಖಾಲಿ ಬೋಟಿನ ತೂಕ. ಔಟ್‌ಬೋರ್ಡ್ (ಹಿಂಬದಿಯಲ್ಲಿ ಹೊರಗೆ ಎಂಜಿನ್ ಜೋಡಿಸುವ ಬೋಟು) ಆದರೆ ಎಷ್ಟೋ ಸಲ ಎಂಜಿನ್ನೂ ಸೇರಿರುವುದಿಲ್ಲ! ಒಂದು ಲೆಕ್ಕ ಹಾಕೋಣ. ಎಂಜಿನ್ ಸೇರಿ ಬೋಟು 3400 ಪೌಂಡ್. ಬೋಟನ್ನು ಹೊರುವ ಟ್ರೇಲರ್ 1000. 40 ಗ್ಯಾಲನ್ ಪೆಟ್ರೋಲ್, ಗ್ಯಾಲನ್‌ಗೆ ಸುಮಾರು 6 ಪೌಂಡ್‌ನಂತೆ 240. ಬ್ಯಾಟರಿ, ಲಂಗರು, ಲೈಫ್ ಜಾಕೆಟ್, ಐಸ್ ಪೆಟ್ಟಿಗೆ ಅಂತ 300. ಒಟ್ಟು 4940 ಆಯ್ತು. 5000 ಪೌಂಡ್ ಮಿತಿಯ ಟೊಯೋಟಾ ಹೈಲ್ಯಾಂಡರ್‌ಗೆ ಉಳಿದದ್ದು ಬರೀ 60. ಅದೇ ಹೈಲ್ಯಾಂಡರ್‌ನ ಹೈಬ್ರಿಡ್ ಮಾದರಿಗೆ ಮಿತಿಯೇ 3500. ಹೆಸರು ಒಂದೇ ಅಂತ ಮೋಸಹೋಗಬೇಡಿ.

ಇನ್ನೊಂದು ವಿಷಯ. ಬೋಟು, ಸಾಮಾನು ಎಲ್ಲ ಸೇರಿದ ಟ್ರೇಲರ್‌ನ ಒಟ್ಟು ತೂಕದ ಸುಮಾರು ಶೇ. 10 ಕಾರಿನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತದೆ. ಇಲ್ಲಿ ಅದು 500 ಪೌಂಡ್ ಹತ್ತಿರ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿರುವ ಪೇಲೋಡ್‌ನಿಂದ (ಕಾರು ತನ್ನ ಮೇಲೆ ಹೊರಬಲ್ಲ ತೂಕ) ಅದನ್ನೂ ಕಳೆಯಬೇಕು. ಮನೆಮಂದಿ, ಲಗೇಜು ಎಲ್ಲ ಉಳಿದದ್ದರಲ್ಲೇ ಅಲ್ವಾ?

ಅನುಮಾನ ಇದ್ದರೆ ಟ್ರಕ್ ನಿಲ್ದಾಣದ ತೂಕದ ಕಟ್ಟೆಗೆ ಹೋಗಿ, ತುಂಬಿದ ಬೋಟನ್ನು ಟ್ರೇಲರ್ ಸಮೇತ ತೂಗಿಸಿ.