ಗುಳ್ಳದ ಬೋಳು ಹುಳಿಯನ್ನೇ ಬಿಟ್ಟುಬಿಟ್ಟಿರಲ್ಲ!

ನೆನಪಿನ ಊಟಗಳ ಬಗ್ಗೆ ಬರೆದ ಲೇಖನ ಖುಷಿ ಕೊಟ್ಟಿತು. ಆದರೆ ಉಡುಪಿ ಅಂದ ಕೂಡಲೇ ಮಸಾಲೆ ದೋಸೆ, ಗೋಳಿಬಜೆಗೆ ನಿಲ್ಲಿಸಿದ್ದೀರಿ. ಅದು ಹೋಟೆಲಿನ ಉಡುಪಿ. ಮನೆಯ ಉಡುಪಿ ಬೇರೆಯೇ ಇದೆ, ಅಲ್ವಾ?

ನನಗೆ ಊಟ ಅಂದರೆ ಮಟ್ಟುಗುಳ್ಳ ಅನ್ನುವ ಗುಂಡು ಬದನೆಯ ಬೋಳು ಹುಳಿ, ಕುಚ್ಚಲಕ್ಕಿ ಅನ್ನ. ಕಟಪಾಡಿ ಹತ್ತಿರದ ಮಟ್ಟುವಿನಲ್ಲಿ ನಮ್ಮ ಅಜ್ಜಿಮನೆ. ರಜೆಯಲ್ಲಿ ಹೋದರೆ ಗುಳ್ಳ ಕೊಯ್ದು ತರಲು ದೊಡ್ಡಮ್ಮ ನನ್ನನ್ನೇ ಕಳಿಸುತ್ತಿದ್ದರು. ತೊಟ್ಟಿನ ಮುಳ್ಳು ಚುಚ್ಚಿ, ಬೆರಳು ಬಾಯಲ್ಲಿಟ್ಟುಕೊಂಡೇ ವಾಪಸ್ ಬರುತ್ತಿದ್ದೆ. ಹೋಳು, ಹುಣಸೆ ರಸ, ಸೀಳಿದ ಹಸಿಮೆಣಸು, ಉಪ್ಪು, ಚೂರು ಬೆಲ್ಲ. ತೆಂಗಿನಕಾಯಿ ಇಲ್ಲ, ಅದಕ್ಕೇ ಅದು ಬೋಳು. ಕೊನೆಗೆ ತೆಂಗಿನೆಣ್ಣೆಯಲ್ಲಿ ಇಂಗಿನ ಒಗ್ಗರಣೆ. ಆ ಚುಂಯ್ ಸದ್ದು ಕೇಳಿದರೆ ಅಂಗಳದಲ್ಲಿ ಆಡುತ್ತಿದ್ದವರೆಲ್ಲ ಕರೆಯದೇ ಒಳಗೆ ಬಂದು ಕೂರುತ್ತಿದ್ದೆವು. ಹೋಳು ಬಾಯಲ್ಲಿ ಬೆಣ್ಣೆ ಹಾಗೆ ಕರಗಬೇಕು, ತಟ್ಟೆಯಲ್ಲಿ ಮಾತ್ರ ಕರಗಬಾರದು. ಆ ಹದ ನನಗೆ ಇನ್ನೂ ಸಿಕ್ಕಿಲ್ಲ.

ಈ ಗುಳ್ಳದ ಬೀಜ ಸೋದೆ ಮಠದ ಯತಿ ವಾದಿರಾಜರು ಕೊಟ್ಟದ್ದು ಅಂತ ಊರವರ ನಂಬಿಕೆ. 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೂ ಮಂಗಳೂರಿನಲ್ಲಿ ಒಮ್ಮೆ ಯಾವುದೋ ಗುಂಡು ಬದನೆಯನ್ನು ಮಟ್ಟುಗುಳ್ಳ ಅಂತ ನನ್ನ ಚೀಲಕ್ಕೆ ಹಾಕಿದ್ದರು. ಬೇಯಿಸಿದ ಮೇಲೆ ಗೊತ್ತಾಯಿತು, ಬರೀ ಬೀಜ.

ಈಗ ಗುಳ್ಳ ತಂದೆ ಅಂತ ಫೋನ್ ಮಾಡಿದರೆ ದೊಡ್ಡಮ್ಮ ಮೊದಲು ಕೇಳುವುದೇ, "ತೊಟ್ಟಿನಲ್ಲಿ ಮುಳ್ಳು ಉಂಟಾ ನೋಡಿದ್ಯಾ ಮಾರಾಯಾ?"